ಡಬ್ಬಿಯಲ್ಲಿಟ್ಟ ಗೆಜ್ಜೆಗಳು

ಆ ನಾಲೆಗೆ ಈಗ ಸಿಮೆಂಟಿನ ಸೇತುವೆ ಬಂದಿದೆಯಂತೆ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಅಡ್ಡ ಹಾಕಿದ್ದ ಹಳೆಯ ತೆಂಗಿನ ದಿಮ್ಮಿ, ಅದರ ನಟ್ಟನಡುವೆ ಕಾಲು ಇಳಿಬಿಟ್ಟು ಕೂತ ಮೂರು ವರ್ಷದ ಹುಡುಗ.

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಬಿ.ಎ. ಮುಗಿಸಿದವಳು ಸೂಳೆಕೆರೆಯ ಕೆಳಗಿನ ಒಂದು ಊರಿನ ಶಿಶುವಿಹಾರಕ್ಕೆ ಟೀಚರಾಗಿ ಹೋದೆ. ಊರವರೇ ಸೇರಿ ನಡೆಸುತ್ತಿದ್ದ ಶಿಶುವಿಹಾರ. ಭಜನೆ ಮನೆಯ ಪಡಸಾಲೆಯೇ ನಮ್ಮ ಜಾಗ. ಅಕ್ಕಿ, ಬೇಳೆ ಮನೆಮನೆಯಿಂದ ಬರುತ್ತಿತ್ತು. ಬೇಯಿಸಿ ಹಾಕಲು ಒಬ್ಬ ವಯಸ್ಸಾದ ಆಯಾ ಇದ್ದಳು. ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು.

ಆ ಹುಡುಗನ ಅಪ್ಪ ತೀರಿಹೋಗಿದ್ದ. ತಾಯಿ ನಾಟಿ ಮಾಡುವಾಗ ಹತ್ತು ವರ್ಷದ ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತು ಗದ್ದೆಯ ಬದುವಿನಲ್ಲೇ ದಿನ ಕಳೆಯುತ್ತಿದ್ದಳು. ಅವನು ನಮ್ಮಲ್ಲಿಗೆ ಬಂದ ಮೇಲೆ ಅವಳು ಶಾಲೆಗೆ ಹೋಗತೊಡಗಿದಳು. ಬರೀ ಸ್ಲೇಟು ಹಿಡಿದು ನಡೆಯುವಾಗಲೂ ಅವಳ ಸೊಂಟ ಒಂದು ಕಡೆಗೆ ವಾಲಿರುತ್ತಿತ್ತು.

ಅಲ್ಲಿನ ತಾಯಂದಿರು ಕೂಸಿನ ಉಡುದಾರಕ್ಕೆ ಒಂದು ಸಣ್ಣ ಗೆಜ್ಜೆ ಕಟ್ಟುತ್ತಿದ್ದರು. ಮಧ್ಯಾಹ್ನ ಮಲಗಿಸಿದಾಗ ಒಬ್ಬ ಹೊರಳಿದರೆ ಸಾಕು, ಪಕ್ಕದ ನಾಲ್ವರು ಎದ್ದು ಕೂರುತ್ತಿದ್ದರು. ನಾನು ಬಾಗಿಲಲ್ಲೇ ಗೆಜ್ಜೆ ಬಿಚ್ಚಿ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಸಂಜೆ ವಾಪಸ್ ಕಟ್ಟುವ ಪದ್ಧತಿ ಮಾಡಿದೆ.

"ಬ್ಯಾಡ್ರಿ ಟೀಚರಮ್ಮ," ಅಂದಳು ಆಯಾ. "ಗೆಜ್ಜಿ ಇದ್ರೆ ಕೂಸು ಎಲ್ಲೈತೆ ಅಂತ ಕಿವಿಗೇ ಗೊತ್ತಾಗ್ತೈತೆ."

"ನನಗೆ ಕಣ್ಣಿಲ್ವಾ?"

"ಕಣ್ಣು ಪುಸ್ತಕದಾಗೆ ಇರ್ತಾವಲ್ರೀ," ಎಂದು ನಕ್ಕಳು. ನಾನೂ ನಕ್ಕೆ.

ನಾಟಿಯ ದಿನಗಳು. ಆಯಾ ಬೋರಿಂಗಿನಿಂದ ನೀರು ತರಲು ಹೋಗಿದ್ದಳು. ಮಕ್ಕಳು ಮಲಗಿದ್ದರು, ಪಡಸಾಲೆ ನಿಶ್ಶಬ್ದವಾಗಿತ್ತು. ನಾನು ಓದುತ್ತಿದ್ದೆ. ತಲೆ ಎತ್ತಿದಾಗ ಆ ಹುಡುಗನ ಚಾಪೆ ಖಾಲಿಯಿತ್ತು.

ಮಲಗಿದವರನ್ನೆಲ್ಲ ಹಾಗೆಯೇ ಬಿಟ್ಟು ಓಡಿದೆ. ಅವನು ನಾಲೆಯಾಚೆ ಅಮ್ಮ ನಾಟಿ ಮಾಡುತ್ತಿದ್ದ ಗದ್ದೆಯ ದಾರಿ ಹಿಡಿದಿದ್ದ. ದಿಮ್ಮಿಯ ಅರ್ಧಕ್ಕೆ ಹೋಗಿ, ಕೂತು, ಕೆಳಗೆ ಓಡುವ ನೀರನ್ನು ನೋಡುತ್ತಿದ್ದ. ನಾಲೆ ದಡದ ಮಟ್ಟಕ್ಕೆ ತುಂಬಿತ್ತು. ಹೆಸರು ಹಿಡಿದು ಕೂಗಲು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ಹೊರಟಿದ್ದರೆ ಅವನು ತಟ್ಟನೆ ತಿರುಗುತ್ತಿದ್ದ. ಆ ತಿರುಗುವಿಕೆಯನ್ನು ನಾನು ಇವತ್ತಿಗೂ ಎಷ್ಟು ಸಲ ನೋಡುತ್ತೇನೋ ಲೆಕ್ಕವಿಲ್ಲ.

ಅಷ್ಟರಲ್ಲಿ ಆಯಾ ಬಂದಳು. ಕೊಡ ಇಳಿಸಿ, ದಿಮ್ಮಿಯ ತುದಿಯಲ್ಲಿ ಏನೂ ಆಗಿಲ್ಲವೆಂಬಂತೆ ಕುಕ್ಕರಗಾಲಲ್ಲಿ ಕೂತು, ಮಡಿಲಿನಿಂದ ಮಂಡಕ್ಕಿ ತೆಗೆದು ತಾನೇ ಮೆಲ್ಲತೊಡಗಿದಳು.

"ಏ ನಮ್ಮಪ್ಪ, ನಾನೊಬ್ಬಳೇ ತಿಂದು ಮುಗಿಸ್ತೀನಿ ನೋಡು. ನಿಂಗೆ ಬೇಕೇನೋ? ಬೇಕಾದ್ರೆ ಅಂಬೆಗಾಲಾಗೆ ಬಾ, ಕೂಸಿನಂಗೆ."

ಅವನು ನಗುತ್ತಾ ಅಂಬೆಗಾಲಿಟ್ಟು ಬಂದ. ಅವನ ತೋಳು ಕೈಗೆ ಸಿಕ್ಕ ಮೇಲೆಯೇ ಆಕೆ ಅವನನ್ನು ಎದೆಗೆ ಅವುಚಿಕೊಂಡದ್ದು.

ಆಚೆ ಗದ್ದೆಯಲ್ಲಿದ್ದ ಹೆಂಗಸರು ಎಲ್ಲವನ್ನೂ ನೋಡಿದ್ದರು. ಸಂಜೆ ತಾಯಿ ಬಂದಳು. ಬೈಯಲಿಲ್ಲ. ಡಬ್ಬಿಯಲ್ಲಿ ಹುಡುಕಿ ತನ್ನ ಮಗನ ಗೆಜ್ಜೆಯನ್ನು ತಾನೇ ಕಟ್ಟಿ ಕರೆದೊಯ್ದಳು. ಮರುದಿನ ಹುಡುಗ ಬರಲಿಲ್ಲ. ಅಕ್ಕ ಶಾಲೆಗೂ ಹೋಗಲಿಲ್ಲ.

ಮನೆಗೆ ಹೋಗಿ ಬೇಡಿಕೊಂಡೆ. "ಎಲ್ಲಾ ಮಕ್ಕಳಿಗೂ ಗೆಜ್ಜೆ ವಾಪಸ್ ಕಟ್ಟಿದ್ದೀನಮ್ಮ. ಬಾಗಿಲಿಗೆ ಅಗಳಿ ಹಾಕಿಸಿದ್ದೀನಿ. ಹುಡುಗಿ ಚೆನ್ನಾಗಿ ಓದ್ತಾಳೆ."

"ಓದ್ತಾಳ್ರೀ, ನಂಗೂ ಗೊತ್ತೈತೆ," ಅಂದಳು ತಾಯಿ. "ನಿಮ್ಮನ್ನ ಬೈಯಾಕೆ ನಂಗೆ ಮನಸಿಲ್ಲ. ಆದ್ರೆ ಇವ್ನು ಅವಳ ಸೊಂಟದ ಮ್ಯಾಲಿದ್ರೆ ನಾನು ಬಗ್ಗಿ ನಾಟಿ ಮಾಡ್ತೀನಿ. ಇಲ್ದಿದ್ರೆ ನಾಲೆ ಕಡಿಗೇ ಕಣ್ಣು ಹೋಗ್ತಾವೆ, ಹೆಂಗೆ ಮಾಡ್ಲಿ?"

ಮತ್ತೆ ಎರಡು ಸಲ ಹೋದೆ. ಆಯಾಳೂ ಹೋಗಿ ಹೇಳಿದಳು. ತಾಯಿಯ ಮಾತು ಬದಲಾಗಲಿಲ್ಲ.

ಕೊಯ್ಲಿನ ಹೊತ್ತಿಗೆ ಬದುವಿನ ಮೇಲೆ ಆ ಹುಡುಗಿ ಎದುರಾದಳು. ತಮ್ಮ ಸೊಂಟದ ಮೇಲಿದ್ದ, ಗೆಜ್ಜೆ ಸದ್ದು ಮಾಡುತ್ತಿತ್ತು.

"ಟೀಚರಮ್ಮ, ನಮ್ ಕ್ಲಾಸಿನಾಗೆ ಭಾಗಾಕಾರ ಶುರುವಾತೇನ್ರೀ?"

"ಇನ್ನೂ ಇಲ್ಲ," ಅಂದೆ.

ಅದು ಮುಗಿದು ತಿಂಗಳಾಗಿತ್ತು.