ಅಪ್ಪನ ಎರಡನೆಯ ಸಹಿ

ಅಕ್ಕನ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್ ಹಾಕಬೇಕೋ ಬೇಡವೋ ಎಂಬುದು ತೀರ್ಮಾನವಾಗಲು ಎರಡು ದಿನ ಹಿಡಿಯಿತು. ನನ್ನ ಕೈಗೆ ಬಿಟ್ಟಿದ್ದರೆ ಎರಡು ತಾಸಿನಲ್ಲಿ ಮುಗಿಸಿಬಿಡುತ್ತಿದ್ದೆ. ಬಿಡದೇ ಇದ್ದವರು ಅಪ್ಪ. ಆಗ ಅವರ ಮೇಲೆ ಬಂದ ಸಿಟ್ಟನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಕ್ಕ ಇರುವುದು ಸಂಭಾಜಿನಗರದಲ್ಲಿ. ಆಗ ನಾವೆಲ್ಲ ಔರಂಗಾಬಾದ್ ಎಂದೇ ಅನ್ನುತ್ತಿದ್ದೆವು. ಪೈಠಣಿ ಸೀರೆ ನೇಯುವವರಿಗೆ ಅವಳು ಸೆರಗು, ಅಂಚುಗಳ ನಕ್ಷೆ ಬರೆದುಕೊಡುತ್ತಾಳೆ. ನವಿಲು, ಗಿಳಿ, ಕಮಲ, ಎಲ್ಲವೂ ಸಣ್ಣ ಸಣ್ಣ ಚೌಕಗಳಲ್ಲಿ. ಅವುಗಳನ್ನು ಎಣಿಸಿಕೊಂಡೇ ನೇಕಾರರು ಮಗ್ಗದ ಮೇಲೆ ಎಳೆ ಹಾಕುತ್ತಾರೆ. ಎಂಟು ವರ್ಷಗಳ ನಕ್ಷೆಗಳೆಲ್ಲ ಆ ಲ್ಯಾಪ್‌ಟಾಪಿನಲ್ಲಿದ್ದವು. ಅವು ತೆರೆಯುತ್ತಿದ್ದುದು ಒಂದೇ ಒಂದು ಹಳೆಯ ಪ್ರೋಗ್ರಾಂನಲ್ಲಿ. ಅದನ್ನು ಹಾಕಿಕೊಟ್ಟಿದ್ದ ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ಊರು ಬಿಟ್ಟು ಹೋಗಿದ್ದರು. ಅದರ ಸಿ.ಡಿ. ಯಾರ ಬಳಿಯೂ ಇರಲಿಲ್ಲ.

ಆ ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ, ವೈರಸ್ ಬಂದರೆ ದೇವರೇ ಗತಿ ಎಂದು ಪತ್ರಿಕೆಗಳಲ್ಲಿ ಬಂತು. ಅಕ್ಕ ಹೆದರಿ ಫೋನ್ ಮಾಡಿದಳು. ನಾಸಿಕದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನು ಮನೆತನಕ್ಕೆಲ್ಲ ಪಂಡಿತ. ಹೊಸ ವಿಂಡೋಸ್‌ನ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಪ್ಪ ತಾವೂ ಬರುತ್ತೇನೆ ಎಂದರು.

ಅಪ್ಪ ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದವರು. ಕಂಪ್ಯೂಟರ್ ಮುಟ್ಟಿದವರಲ್ಲ. ರೈಲು ಮನ್ಮಾಡ್ ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದವರು, ಆಮೇಲೆ ಜೇಬಿನಿಂದ ಟಿಪ್ಪಣಿ ಬರೆದುಕೊಳ್ಳುವ ಒಂದು ಸಣ್ಣ ಪುಸ್ತಕ ತೆಗೆದರು.

"ಹೊಸಾದು ಹಾಕಿದ್ಮ್ಯಾಲ ಆಕಿ ನಕ್ಷಾ ತೆರೀಲಿಲ್ಲಂದ್ರ, ಹಳೇದು ಹ್ಯಾಂಗ ತಿರುಗಿ ತರ್ತಿ?"

"ಅಪ್ಪಾ, ಎಲ್ಲಾ ಪೆನ್‌ಡ್ರೈವ್‌ದಾಗ ಕಾಪಿ ಮಾಡ್ಕೋತೀನ್ರಿ. ಚಿಂತಿ ಬ್ಯಾಡ."

"ಕಾಪಿ ಸರಿ ಆಗೇದಂತ ನೋಡೋರು ಯಾರು?"

"ನಾನೇ!"

"ಮಾಡಿದಾವ್ನೇ ನೋಡಿದ್ರ ಅದು ನೋಡಿದಂಗಲ್ಲ, ತಮ್ಮಾ," ಎಂದರು.

ಇದು ಅವರ ಕಾರ್ಖಾನೆಯ ಪದ್ಧತಿ. ಒಂದು ನಟ್ಟು ಬಿಗಿದರೂ ಬಿಗಿದವನದೊಂದು ಸಹಿ, ಪರೀಕ್ಷಿಸಿದವನದೊಂದು ಸಹಿ. ಎರಡನೆಯ ಸಹಿ ಬೀಳದೆ ವಿಮಾನ ಹೊರಗೆ ಬರುವಂತಿಲ್ಲ. ಅಕ್ಕನ ಲ್ಯಾಪ್‌ಟಾಪ್ ಏನು ಹಾರುತ್ತದೆಯೇ ಎಂದು ನಾನು ಒಳಗೊಳಗೇ ಗೊಣಗಿದೆ.

ಮನೆ ತಲುಪಿದವನೇ, ಅಕ್ಕ ಚಹಾ ತರುವಷ್ಟರಲ್ಲಿ ಪರದೆಯ ಮೇಲಿದ್ದ ನಕ್ಷೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಎಳೆದುಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಎಂಟು ವರ್ಷಗಳ ದುಡಿಮೆ ಅಷ್ಟು ಬೇಗ ಹೇಗೆ ಮುಗಿಯಿತು ಎಂದು ಪಂಡಿತನಿಗೆ ಹೊಳೆಯಲಿಲ್ಲ. ಹೊಸ ಡಿಸ್ಕನ್ನು ಒಳಗೆ ತಳ್ಳಲು ಹೋದೆ. ಅಪ್ಪ ನನ್ನ ಕೈ ಹಿಡಿದರು.

"ಮೊದಲು ಬ್ಯಾರೆ ಮಶೀನಿನ್ಯಾಗ ತೆರೆದು ತೋರ್ಸು."

ಬಿಸಿಲಿನಲ್ಲಿ ಗಲ್ಲಿಯ ತುದಿಯ ಸೈಬರ್ ಕೆಫೆಗೆ ನಡೆದೆವು. ಅಲ್ಲಿ ಹಳೆಯ ವಿಂಡೋಸ್‌ನ ಎರಡು ಕಂಪ್ಯೂಟರ್, ಹೊಸತರದ್ದು ಒಂದು ಇದ್ದವು. ಹಳೆಯದರಲ್ಲಿ ಪೆನ್‌ಡ್ರೈವ್ ಚುಚ್ಚಿ ಮೊದಲ ನವಿಲನ್ನು ಒತ್ತಿದೆ. ಕಡತ ಸಿಗಲಿಲ್ಲ ಎಂದಿತು. ಗಿಳಿ ಒತ್ತಿದೆ, ಅದೇ ಮಾತು. ಆಗ ಚಿತ್ರಗಳ ಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತು ಕಣ್ಣಿಗೆ ಬಿತ್ತು. ನಾನು ತಂದದ್ದೆಲ್ಲ ಬರೀ ಶಾರ್ಟ್‌ಕಟ್. ನಕ್ಷೆಗಳಿರುವ ಜಾಗಕ್ಕೆ ದಾರಿ ತೋರಿಸುವ ಚೀಟಿಗಳಷ್ಟೇ, ನಕ್ಷೆಗಳಲ್ಲ. ಹೊಸ ಡಿಸ್ಕ್ ಒಳಗೆ ಹೋಗಿದ್ದರೆ, ನಾನು ಯೋಚಿಸಿದ್ದಂತೆ ಎಲ್ಲ ಅಳಿಸಿ ಹಾಕಿದ್ದರೆ, ಅಕ್ಕನ ಬಳಿ ಒಂದು ಗಿಳಿಯೂ ಉಳಿಯುತ್ತಿರಲಿಲ್ಲ. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ.

"ಅಕ್ಕಗ ಹೇಳಬ್ಯಾಡ್ರಿ ಅಪ್ಪಾ," ಎಂದೆ.

"ನಾ ಯಾಕ ಹೇಳ್ಲಿ? ನೀ ಹೇಳ್ತಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹಿಂದಿರುಗಿ, ನಕ್ಷೆಗಳು ನಿಜವಾಗಿ ಇದ್ದ ಜಾಗ ಹುಡುಕಿ, ಪ್ರೋಗ್ರಾಂ ಸಮೇತ ಕಾಪಿ ಮಾಡಿದೆ. ಈ ಸಲ ಒಂದು ತಾಸು ಹಿಡಿಯಿತು. ಮರುದಿನ ಬೆಳಿಗ್ಗೆ ಅಪ್ಪ ಅಕ್ಕನ ವಹಿಯಲ್ಲಿದ್ದ ನಕ್ಷೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೆಫೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತರು. ನಾನು ಒಂದೊಂದಾಗಿ ತೆರೆದೆ, ಅವರು ಪೆನ್ಸಿಲಿನಿಂದ ಗುರುತು ಹಾಕಿದರು. ನಾಲ್ಕಾರು ತೆರೆದರೆ ಸಾಲದೇ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಎಲ್ಲವೂ ತೆರೆದವು. "ಈಗ ಹೊಸಾದ್ರಾಗ," ಎಂದರು. ಹೊಸ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ಒಮ್ಮೆ ಮಿಂಚಿ ಮುಚ್ಚಿಕೊಂಡಿತು. ನನಗೆ ಗೊತ್ತಿದ್ದ ಯುಕ್ತಿಗಳೆಲ್ಲ ಮುಗಿದವು, ಅದು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಒಂದು ಮೌಸ್ ಹಿಡಿಯಲೂ ಬಾರದ ಮನುಷ್ಯ, ಬರೀ ಕೇಳಿ ಕೇಳಿ, ನನಗೆ ಗೊತ್ತಿಲ್ಲದ್ದನ್ನೆಲ್ಲ ನನ್ನಿಂದಲೇ ಹೊರಗೆ ತೆಗೆಸಿದ್ದರು. ಅವರ ಬಗ್ಗೆ ನನಗೆ ಅಂದು ಹುಟ್ಟಿದ ಗೌರವ ಮಗನದಲ್ಲ, ಒಬ್ಬ ಕೆಲಸಗಾರನದು.

ಮನೆಗೆ ಬಂದಾಗ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ಎಲ್ಲಾ ಹೋಗ್ತಿತ್ತೇನೋ?"

"ಹ್ಞೂಂ. ಅಪ್ಪ ಕೈ ಹಿಡೀಲಿಲ್ಲಂದ್ರ ಹೋಗ್ತಿತ್ತು."

ಅವಳು ಅಪ್ಪನ ಕಡೆ ತಿರುಗಿ, "ಈಗೇನ್ ಮಾಡ್ಲಿರಿ?" ಎಂದಳು.

"ನೋಡೋ ಕೆಲಸ ನಂದು. ವಿಮಾನ ಹಾರಸ್ಬೇಕೋ ಬ್ಯಾಡೋ ಅನ್ನೋದು ಅದನ್ನ ನಡೆಸೋ ಆಕಿದು," ಎಂದರು ಅಪ್ಪ.

ಅಕ್ಕ ತೀರ್ಮಾನಿಸಿದಳು. ಹಳೆಯದು ಹಳೆಯದಾಗಿಯೇ ಇರಲಿ, ಇಂಟರ್‌ನೆಟ್ ಬೇಡ, ಮೇಲ್‌ಗೆ ಕೆಫೆ ಇದ್ದೇ ಇದೆ. ನೆಟ್ ತಂತಿ ಚುಚ್ಚುವ ತೂತಿಗೆ ಅಪ್ಪ ಕೆಂಪು ಬಟ್ಟೆಯ ಚೂರು ತುರುಕಿ, ಅದರ ಬಾಲವನ್ನು ಹೊರಗೆ ಇಳಿಬಿಟ್ಟರು. ಹಾರದೆ ನಿಂತ ವಿಮಾನದ ತೂತುಗಳಿಗೂ ಧೂಳು ಹೋಗದಂತೆ ಹಾಗೇ ಕಟ್ಟುತ್ತಾರಂತೆ. ಅಕ್ಕ ಈ ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು.

ಹೊರಡುವ ಮುನ್ನ ಅಪ್ಪ ಸಣ್ಣ ಪುಸ್ತಕ ಚಾಚಿ, ಕೆಲಸ ಮಾಡಿದವನ ಜಾಗದಲ್ಲಿ ನನ್ನ ಸಹಿ ಕೇಳಿದರು. ನಾನು ಹಾಕಿದ ಮೇಲೆ ಅದರ ಕೆಳಗೆ ತಮ್ಮದನ್ನು ಹಾಕಿದರು. ನನ್ನ ತಪ್ಪನ್ನೂ ಬರೆದಿರುತ್ತಾರೆಂದು ನನಗೆ ಗೊತ್ತಿತ್ತು, ಓದಲು ಧೈರ್ಯ ಬರಲಿಲ್ಲ. ಕೊನೆಗೆ ರೈಲಿನಲ್ಲಿ ಅವರು ನಿದ್ದೆ ಹೋದ ಮೇಲೆ ಅವರ ಜೇಬಿನಿಂದ ಪುಸ್ತಕ ತೆಗೆದು ಓದಿದೆ. ಬರೆದಿದ್ದು ಇಷ್ಟೇ: "ಮೊದಲ ಕಾಪಿ ತಪ್ಪು. ಮಾಡಿದವನೇ ಬಂದು ಹೇಳಿದ. ಇವನಿಗೆ ಕೆಲಸ ಕೊಡಬಹುದು."