ಗಂಟಲು ಹೋಗುವ ಮುಂಚಿನ ಭಾನುವಾರ

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಹೂಟಗಳ್ಳಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ "ಸಾವಧಾನ್" ಎಂದು ಕೂಗಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಸಾಲಾಗಿ ನಿಂತಿದ್ದ ಮಾಜಿ ಸೈನಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೇನೆಯಲ್ಲಿ ನಾನು ಡ್ರಿಲ್ ಕಲಿಸುತ್ತಿದ್ದವನು. ಈಗಲೂ ಎಲ್ಲರೂ ಕರೆಯುವುದು ಉಸ್ತಾದ್ ಎಂದೇ. ಆ ಉಸ್ತಾದನ ಗಂಟಲೇ ಕೈಕೊಟ್ಟಿತ್ತು.

ಎರಡು ತಿಂಗಳಿಂದ ಧ್ವನಿ ಒಡೆದಿತ್ತು. ಉಪ್ಪುನೀರು, ಕಾಳುಮೆಣಸಿನ ಕಷಾಯ ಎಲ್ಲ ಆಗಿತ್ತು. ಹೆಂಡತಿ ಸರೋಜ ದಿನಾ ಆಸ್ಪತ್ರೆಗೆ ಹೋಗೋಣ ಎನ್ನುತ್ತಿದ್ದಳು, ನಾನು ದಿನಾ ನಾಳೆ ಎನ್ನುತ್ತಿದ್ದೆ. ಸಿಗರೇಟು ಬಿಟ್ಟು ಹತ್ತು ವರ್ಷವಾಯಿತಲ್ಲ ಎಂಬ ಭಂಡಧೈರ್ಯ ಬೇರೆ.

ಮರುದಿನವೇ ಸರೋಜ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬಯಾಪ್ಸಿ ರಿಪೋರ್ಟ್ ಬಂತು.

ಕ್ಯಾನ್ಸರ್.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಳೆಯ ಮೇಲೆ ಗಂಟಲಿನ ಚಿತ್ರ ಬರೆದು ಧ್ವನಿಪೆಟ್ಟಿಗೆಯ ಸುತ್ತ ಗೆರೆ ಎಳೆದರು. "ಇದನ್ನ ಪೂರ್ತಿ ತೆಗೀಬೇಕು ಸರ್. ಟೋಟಲ್ ಲ್ಯಾರಿಂಜೆಕ್ಟಮಿ. ಆಮೇಲೆ ಕತ್ತಿನಲ್ಲಿ ಒಂದು ತೂತು ಇರುತ್ತೆ, ಉಸಿರಾಡೋದು ಅದರಲ್ಲೇ."

"ಮಾತು?"

"ನಿಮ್ಮ ಈ ಧ್ವನಿ ಇರಲ್ಲ. ಮೆಷಿನ್ ಇಟ್ಕೊಂಡು ಮಾತಾಡೋದು ಕಲೀಬಹುದು. ಯಾರ ಹತ್ರನಾದ್ರೂ ಏನಾದ್ರೂ ಮಾತಾಡೋದಿದ್ರೆ, ಇನ್ನೂ ಹತ್ತು ದಿನ ಇದೆ."

ಸರೋಜ ಅತ್ತಳು. ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

ಪ್ರತಿ ತಿಂಗಳ ಮೊದಲ ಭಾನುವಾರ ನಾವು ಎಂಟ್ಹತ್ತು ಮಾಜಿ ಸೈನಿಕರು ಪುಟ್ಟಸ್ವಾಮಿಯ ಮನೆಯಲ್ಲಿ ಸೇರುತ್ತೇವೆ. ಉಪ್ಪಿಟ್ಟು, ಟೀ, ಹಳೆಯ ಕಥೆಗಳು. ಪುಟ್ಟಸ್ವಾಮಿ, ನಾನು ಒಂದೇ ಪಲ್ಟನ್. ನಮ್ಮಿಬ್ಬರದ್ದೂ ಒಂದು ಕಥೆಯಿದೆ, ಹೇಳುವವನು ಯಾವಾಗಲೂ ನಾನೇ. ಗಡಿಯ ಬೆಟ್ಟದ ಮೇಲಿನ ಪೋಸ್ಟಿನಿಂದ ಇಳಿಯುವಾಗ ಹಿಮಗಾಳಿ ಎದ್ದಿತು, ಉಸಿರು ಸಿಗದೆ ಪುಟ್ಟಸ್ವಾಮಿ ಕುಸಿದ, ನಾನು ಅವನನ್ನು ಬೆನ್ನ ಮೇಲೆ ಹೊತ್ತು ಕೆಳಗಿನ ಪೋಸ್ಟಿಗೆ ತಲುಪಿಸಿದೆ ಎಂಬ ಕಥೆ.

ಕುಸಿದವನು ನಾನು. ಹೊತ್ತವನು ಅವನು.

ಮೊದಲ ಸಲ ಹೇಳುವಾಗ ಹೊಸಬರ ಎದುರು ಜಂಬ ಬಂದು ಕಥೆಯನ್ನು ತಿರುವಿಹಾಕಿಬಿಟ್ಟೆ. ಪುಟ್ಟಸ್ವಾಮಿ ನಕ್ಕು ಸುಮ್ಮನಾದ. ಆಮೇಲೆ ನನಗೆ ಹಿಂದೆ ಬರಲು ದಾರಿ ಕಾಣಲಿಲ್ಲ. ಅವನ ಹೆಂಡತಿ ಗೌರಮ್ಮ ಅಂದಿನಿಂದ ನನಗೇ ಮೊದಲು ಬಡಿಸುತ್ತಾರೆ. "ನಮ್ಮೆಜಮಾನ್ರ ಜೀವ ಉಳ್ಸಿದೋರು" ಎಂದು ನೆಂಟರಿಗೆಲ್ಲ ತೋರಿಸುತ್ತಾರೆ. ನಾನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದೆ. ನಾಚಿಕೆಗೇಡು. ಸಾಯುವ ಹೆದರಿಕೆಗಿಂತ, ಇದನ್ನು ಹೇಳದೆಯೇ ಬಾಯಿ ಮುಚ್ಚಿಹೋಗುತ್ತದಲ್ಲ ಎಂಬ ಹೆದರಿಕೆ ದೊಡ್ಡದಾಗಿತ್ತು.

ಆಪರೇಷನ್ನಿಗೆ ಎರಡು ದಿನ ಮುಂಚೆ ಆ ಭಾನುವಾರ ಬಂತು. "ಉಸ್ತಾದ್, ಇನ್ನೊಂದ್ಸಲ ಆ ಕಥೆ ಆಗ್ಲಿ" ಎಂದರು ಸೇರಿದ್ದವರು. ಗೌರಮ್ಮನನ್ನೂ ಅಡುಗೆಮನೆಯಿಂದ ಕರೆದು ಕೂರಿಸಿದೆ. ಗಂಟಲು ಗೊರಗೊರ ಎನ್ನುತ್ತಿತ್ತು. ಪ್ರತಿ ವಾಕ್ಯಕ್ಕೂ ನಿಲ್ಲಬೇಕಾಯಿತು. ಈ ಸಲ ನಡೆದದ್ದು ನಡೆದಂತೆಯೇ ಹೇಳಿದೆ.



ಗೌರಮ್ಮ ಗಂಡನ ಕಡೆ ತಿರುಗಿದರು. "ದಿಟವಾ?"

"ಬುಡು ಅತ್ಲಾಗೆ. ಇಬ್ರೂ ಬದುಕಿ ಬಂದ್ವಲ್ಲ" ಎಂದ ಪುಟ್ಟಸ್ವಾಮಿ.

ಆಕೆ ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಆಪರೇಷನ್ ಆರೇಳು ಗಂಟೆ ನಡೆಯಿತಂತೆ. ಎಚ್ಚರವಾದಾಗ ಮೂಗಿನಲ್ಲಿ ಟ್ಯೂಬ್, ಕತ್ತಿನಲ್ಲಿ ತೂತು. ಸರೋಜ ಎಂದು ಕರೆದೆ. ತುಟಿ ಅಲ್ಲಾಡಿತು, ಅಷ್ಟೇ. ಕೆಮ್ಮಿದರೆ ಕಫ ಕತ್ತಿನಿಂದ ಬರುತ್ತದೆ. ಅದನ್ನು ಪೈಪಿನಲ್ಲಿ ಎಳೆದು ತೆಗೆಯುವ ಸಕ್ಷನ್ ಮಾಡುವುದನ್ನು ನರ್ಸ್ ಎರಡು ಸಲ ತೋರಿಸಿದರು, ಮೂರನೆಯ ಸಲ ಸರೋಜಳೇ ಮಾಡಿದಳು. ಇಷ್ಟು ವರ್ಷ ನನ್ನ ಆರ್ಡರ್ ಕೇಳಿದವಳು ಈಗ "ತಲೆ ಎತ್ತಿ, ಅಲ್ಲಾಡ್ಬೇಡಿ" ಎಂದು ನನಗೇ ಆರ್ಡರ್ ಕೊಡುತ್ತಾಳೆ. ಮಾತೆಲ್ಲ ಸ್ಲೇಟಿನ ಮೇಲೆ. ಸಿಟ್ಟು ಬಂದರೆ ಬರೆದು ಮುಗಿಸುವಷ್ಟರಲ್ಲಿ ಇಳಿದುಹೋಗಿರುತ್ತದೆ.

ಪುಟ್ಟಸ್ವಾಮಿ ದಿನಾ ಬಂದು ಕೂರುತ್ತಿದ್ದ. ಒಬ್ಬನೇ.

ಒಂಬತ್ತನೆಯ ದಿನ ಗೌರಮ್ಮನೂ ಬಂದರು, ಫ್ಲಾಸ್ಕಿನಲ್ಲಿ ಸೋಸಿದ ರಾಗಿ ಗಂಜಿ ಹಿಡಿದು. ಸರೋಜ ಅದನ್ನು ಟ್ಯೂಬಿಗೆ ಹಾಕುತ್ತಿದ್ದಳು. ಆಕೆ ನೋಡುತ್ತ ನಿಂತರು.

"ಸಿಟ್ಟು ಓಗಿಲ್ಲ ಕಣ್ರೀ. ನಿಮ್ಗಿಂತ ನಮ್ಮೆಜಮಾನ್ರ ಮೇಲೇ ಜಾಸ್ತಿ, ನಂಗೂ ಒಂದ್ಮಾತು ಏಳ್ನಿಲ್ವಲ್ಲ. ನೀವು ತಿರುಗ್ಸಿ ಮಾತಾಡಂಗಾಗ್ಲಿ, ಆಮೇಲೆ ಜಗಳ ಆಡನ. ಈಗ ಗಂಜಿ ಇಳೀಲಿ."

ನನಗೆ ಕಣ್ಣೀರು ಬಂತು. ಬಿಕ್ಕಿದರೆ ಅದಕ್ಕೂ ಸದ್ದಿರಲಿಲ್ಲ.

ರಿಪೋರ್ಟ್ ಸದ್ಯಕ್ಕೆ ಚೆನ್ನಾಗಿದೆ ಎಂದಿದ್ದಾರೆ. ರೇಡಿಯೇಷನ್ ಬಾಕಿಯಿದೆ, ಮೆಷಿನ್ನಿನಲ್ಲಿ ಮಾತು ಕಲಿಯುವುದು ಅದಾದ ಮೇಲೆ. ಕಳೆದ ಭಾನುವಾರ ಕತ್ತಿಗೆ ಬಟ್ಟೆ ಕಟ್ಟಿಕೊಂಡು ಪುಟ್ಟಸ್ವಾಮಿಯ ಮನೆಗೆ ಹೋಗಿದ್ದೆ. ಹೊಸದಾಗಿ ಬಂದಿದ್ದ ಒಬ್ಬರು ಆ ಹಿಮದ ಕಥೆ ಕೇಳಿದರು. ಎಂದೂ ಕಥೆ ಹೇಳದ ಪುಟ್ಟಸ್ವಾಮಿ ಬಾಯಿ ಬಿಟ್ಟ.

"ಗಾಳಿ ಎದ್ಬುಡ್ತು. ಒಬ್ರನ್ನೊಬ್ರು ಇಡ್ಕಂಡು ಇಬ್ರೂ ಇಳ್ದು ಬಂದ್ಬುಟ್ವಿ. ಅಷ್ಟೇ ಕಣ್ರೀ."

ನಾನು ಸ್ಲೇಟಿನಲ್ಲಿ "ಸುಳ್ಳು" ಎಂದು ಬರೆದು ಎತ್ತಿ ಹಿಡಿದೆ. ಅವನು ಅದನ್ನು ಕಿತ್ತು ತೊಡೆಯ ಕೆಳಗೆ ಇಟ್ಟುಕೊಂಡು ಟೀ ಕುಡಿದ. ಎಲ್ಲರೂ ನಕ್ಕರು. ಕೂಗಲು ನನಗೆ ಗಂಟಲಿಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಬೆನ್ನ ಮೇಲೆ ನನಗೆ ಎಚ್ಚರವಿತ್ತು, ಎಲ್ಲ ಗೊತ್ತಾಗುತ್ತಿತ್ತು. ನನ್ನನ್ನು ಬಿಟ್ಟುಹೋಗು ಎಂದು ಹೇಳಿದ್ದೆ. ಪುಟ್ಟಸ್ವಾಮಿ ದಾರಿಯಲ್ಲಿ ನಾಲ್ಕು ಸಲ ಬಿದ್ದ. ನಾಲ್ಕು ಸಲವೂ ಎದ್ದು, ಮೊದಲು ನನ್ನ ಮುಖದ ಮೇಲಿನ ಹಿಮ ಒರೆಸಿ, ಮತ್ತೆ ಎತ್ತಿಕೊಂಡ.