ತಾಂಗ್ ಆದರೆ ತಂಗಿ

ಹರಿಣಾಕ್ಷಿ ಶೆಟ್ಟಿಗೆ ಚೀನೀ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೀನಾದ ಸಾಹಿತ್ಯ ಓದುವವರಿಗೆಂದು ಅವಳು ಕನ್ನಡದಲ್ಲಿ ಬರೆದ ಕೈಪಿಡಿಯ ಬಗ್ಗೆ ಡೊಂಬಿವಲಿಯ ಕನ್ನಡ ಸಂಘದಲ್ಲಿ ಎದ್ದ ಆಕ್ಷೇಪಗಳಲ್ಲಿ ಮೊದಲನೆಯದೂ ಕಡೆಯದೂ ಇದೇ ಆಗಿತ್ತು. ಅವಳು ಅದನ್ನು ಒಮ್ಮೆಯೂ ಅಲ್ಲಗಳೆದವಳಲ್ಲ.

ಮದುವೆಯಾಗಿ ಕಾರ್ಕಳದ ಕಡೆಯಿಂದ ಡೊಂಬಿವಲಿಗೆ ಬಂದದ್ದು ಎಪ್ಪತ್ತೆರಡರಲ್ಲಿ. ಗಂಡ ಗುಣಪಾಲ ಕಲ್ಯಾಣ ಸ್ಟೇಷನ್ ಎದುರಿನ ಉಡುಪಿ ಹೋಟೆಲೊಂದರ ಮ್ಯಾನೇಜರ್. ಬಿ.ಎ.ಯ ಎರಡನೆಯ ವರ್ಷಕ್ಕೆ ನಿಂತುಹೋಗಿದ್ದ ಓದಿನಿಂದ, ಅದಕ್ಕಿಂತ ಹೆಚ್ಚಾಗಿ ನಿಮಿಷಕ್ಕೆ ಐವತ್ತು ಶಬ್ದಗಳ ಟೈಪಿಂಗಿನಿಂದ, ಅವಳಿಗೆ ಠಾಣೆಯಲ್ಲಿ ನೀರಿನ ಪಂಪು ತಯಾರಿಸುವ ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷಗಳ ನಂತರ, ಹಳೆಯ ಪೇಪರು ಹಾಕಲು ಹೋದ ರದ್ದಿ ಅಂಗಡಿಯಲ್ಲಿ, ಪೀಕಿಂಗಿನಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದದ ಎರಡು ದಪ್ಪ ಸಂಪುಟಗಳು ಅವಳ ಕಣ್ಣಿಗೆ ಬಿದ್ದವು. ಹೆಸರು ಬರೆದಿದ್ದ ಮೊದಲ ಹಾಳೆಯನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಅರವತ್ತೆರಡರ ಯುದ್ಧದ ನಂತರ ಇಂಥ ಪುಸ್ತಕವನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರಿದವರು ಎಷ್ಟೋ ಮಂದಿ.

ಉಪ್ಪಿನ ವ್ಯಾಪಾರದ ದೊಡ್ಡ ಮನೆತನವೊಂದರ ಏಳುಬೀಳಿನ ಹಳೆಯ ಕಾದಂಬರಿ ಅದು. ಮುನ್ನೂರರ ಹತ್ತಿರ ಪಾತ್ರಗಳು. ಒಬ್ಬೊಬ್ಬರಿಗೂ ಮೂರು ಹೆಸರು. ಮೊದಲ ಓದಿನಲ್ಲಿ ಅವಳು ಐವತ್ತನೆಯ ಪುಟಕ್ಕೆ ದಾರಿ ತಪ್ಪಿದಳು. ಎರಡನೆಯ ಓದಿಗೆ ಕುಳಿತಾಗ ಆಫೀಸಿನಲ್ಲಿ ಹಾಳಾದ ಟೈಪಿಂಗ್ ಹಾಳೆಗಳನ್ನು ಮನೆಗೆ ತಂದು, ಅವುಗಳ ಹಿಂಬದಿಯಲ್ಲಿ ವಂಶವೃಕ್ಷ ಬರೆಯುತ್ತ ಹೋದಳು. ಹಾಳೆಗೆ ಹಾಳೆ ಅಂಟಿಸಿ, ಗೋಡೆಯುದ್ದಕ್ಕೆ ಬೆಳೆದಾಗ, ಯಾರು ಯಾರ ಮಗ ಎಂಬುದರ ಜೊತೆಗೆ ಬೇರೆ ಟಿಪ್ಪಣಿಗಳೂ ಸೇರಿಕೊಂಡವು: ಮನೆತನದ ಹೆಸರು ಮೊದಲು, ತನ್ನ ಹೆಸರು ಆಮೇಲೆ, ಬಿಳಿ ಸಾವಿನ ಬಣ್ಣ, ಕವಿತೆಯಲ್ಲಿ ವಿಲ್ಲೋ ಮರದ ರೆಂಬೆ ಮುರಿದರೆ ಯಾರೋ ಊರು ಬಿಡುತ್ತಿದ್ದಾರೆಂದು ಅರ್ಥ. ಅಧಿಕಾರಿಯ ಮನೆಯಲ್ಲಿ ಯಜಮಾನ ಚಹಾದ ಬಟ್ಟಲನ್ನು ಎತ್ತಿ ಹಿಡಿದರೆ ಅತಿಥಿ ಏಳಬೇಕು. ಇದನ್ನು ಕೇಳಿ ಗುಣಪಾಲ, ಇದರಲ್ಲಿ ಹೊಸದೇನುಂಟು, ನಮ್ಮ ಹೋಟೆಲಿನಲ್ಲಿ ಟೇಬಲ್ ಒರೆಸಿದರೆ ಗಿರಾಕಿ ಏಳುತ್ತಾನೆ ಎಂದ. ಅವಳು ಆ ಮಾತನ್ನೂ ಬರೆದುಕೊಂಡಳು. ನಗೆಗಾಗಿ ಬರೆದುಕೊಂಡದ್ದಲ್ಲ. ದೂರದ ಪದ್ಧತಿಯನ್ನು ಹತ್ತಿರದ್ದರ ಪಕ್ಕ ಕೂರಿಸಿದರೆ ಅದು ವಿಚಿತ್ರವಾಗಿ ಉಳಿಯುವುದಿಲ್ಲ ಎಂಬ ತಿಳಿವು ಅವಳಿಗೆ ಅಲ್ಲಿಂದ ಬಂತು.

ಸಂಘದಲ್ಲಿ ಶನಿವಾರ ಸಂಜೆ ಓದುಗರ ಕೂಟ ಸೇರುತ್ತಿತ್ತು. ನಡೆಸುತ್ತಿದ್ದವರು ಮುರಾರಿ ಮಾಸ್ಟ್ರು. ಕಲ್ಯಾಣದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ, ಮಾತಿಗೆ ಮೊದಲು ಕನ್ನಡಕ ತೆಗೆದು ಒರೆಸುವ ಮನುಷ್ಯ. ಎಪ್ಪತ್ತೇಳರಲ್ಲಿ ಹರಿಣಾಕ್ಷಿ ಚೀನಾದ ಈ ಕಾದಂಬರಿಯನ್ನು ಓದೋಣವೆಂದಾಗ, ಗಡಿಯಲ್ಲಿ ಸತ್ತವರನ್ನು ಇಷ್ಟು ಬೇಗ ಮರೆತಿರಾ ಎಂದು ಇಬ್ಬರು ಕೇಳಿದರು. ಆಗ ಅವಳ ಪಕ್ಷ ವಹಿಸಿದವರು ಮಾಸ್ಟ್ರೇ. ಇನ್ನೂರು ವರ್ಷದ ಹಿಂದಿನ ಉಪ್ಪಿನ ವ್ಯಾಪಾರಿ ಯಾವ ಗಡಿಯನ್ನೂ ದಾಟಿದವನಲ್ಲ ಎಂದರು. ಮುಂಬಯಿಯ ಪುಸ್ತಕದಂಗಡಿಯಿಂದ ನಾಲ್ಕು ಪ್ರತಿ ತರಿಸಲಾಯಿತು. ಹರಿಣಾಕ್ಷಿ ತನ್ನ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಒಪ್ಪಮಾಡಿ, ಅರವತ್ತು ಪುಟದ ಕೈಪಿಡಿಯಾಗಿ ಬರೆದು, ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿ ಹಂಚಿದಳು.

ಹದಿನೆಂಟು ಅಧ್ಯಾಯ ಎಲ್ಲವೂ ಸಾಂಗವಾಗಿ ನಡೆಯಿತು. ಹತ್ತೊಂಬತ್ತರಲ್ಲಿ ಗಾಡಿ ನಿಂತಿತು.

ಆ ಅಧ್ಯಾಯದಲ್ಲಿ ಮನೆಯ ಕಿರಿಯ ಮಗನಿಗೆ ಮದುವೆಯ ಮಾತು. ಚಿಕ್ಕಪ್ಪನ ಮಗಳೊಡನೆ ಅವನ ಹೆಸರು ಸುಮ್ಮನೆ ಕೇಳಿಬಂದದ್ದಕ್ಕೇ ಅಜ್ಜಿ ಅವನಿಗೆ ಬೆತ್ತದ ಏಟು ಹಾಕಿಸುತ್ತಾಳೆ. ಅದೇ ಅಜ್ಜಿ, ಮರುವಾರ, ಅವನ ದೊಡ್ಡಮ್ಮನ, ಅಂದರೆ ತಾಯಿಯ ಅಕ್ಕನ, ಮಗಳನ್ನು ಸೊಸೆಯಾಗಿ ತರಲು ಪಲ್ಲಕ್ಕಿ ಕಳುಹಿಸುತ್ತಾಳೆ. ಇಂಗ್ಲಿಷ್ ಅನುವಾದದಲ್ಲಿ ಇಬ್ಬರು ಹುಡುಗಿಯರೂ ಬರಿಯ ‘ಕಸಿನ್’. ಕನ್ನಡದಲ್ಲಾದರೂ ಸ್ಪಷ್ಟವಾಗಲೆಂದು ಹರಿಣಾಕ್ಷಿ ಕೈಪಿಡಿಯಲ್ಲಿ ಇಬ್ಬರ ಸಂಬಂಧವನ್ನೂ ಬಿಡಿಸಿ ಬರೆದು, ತುದಿಯಲ್ಲಿ ‘ಅಂದರೆ ತಂಗಿ’ ಎಂದು ಸೇರಿಸಿದ್ದಳು. ನಮ್ಮಲ್ಲಿ ಯಾರೇ ಆದರೂ ಹಾಗೆಯೇ ಬರೆಯುತ್ತಿದ್ದರು. ಸೋದರಮಾವನ ಮಗಳಾದರೆ ಮದುವೆಗೆ ಸರಿ. ದೊಡ್ಡಮ್ಮನ ಮಗಳು ಒಡಹುಟ್ಟಿದವಳಿಗೆ ಸಮ. ತಾಯಿಯಿಂದ ಮಕ್ಕಳಿಗೆ ಬಳಿ ಎಂಬ ಕುಲ ಇಳಿದು ಬರುವ ತುಳುನಾಡಿನ ಕುಟುಂಬಗಳಲ್ಲಂತೂ ಅವಳದೂ ಇವನದೂ ಒಂದೇ ಬಳಿ. ಮದುವೆಯ ಮಾತೆತ್ತಿದರೆ ನಾಲಗೆ ಕಚ್ಚಿಕೊಳ್ಳಬೇಕು.

ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಲೋಲಾಕ್ಷಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. “ಎಂತದು ಮಾರಾಯ್ತಿ ಇದು? ತಂಗಿಯನ್ನು ಮದುವೆಯಾಗುವವನ ಕಥೆಯನ್ನು ನಾನು ಲೋಕಲಿನಲ್ಲಿ ನಿಂತುಕೊಂಡು ಓದಬೇಕಾ?” ಅವಳ ಹಿಂದೆಯೇ ಇನ್ನಿಬ್ಬರು ಪುಸ್ತಕ ಮರಳಿಸಿದರು. ಮಾಸ್ಟ್ರು ಸಮಾಧಾನ ಹೇಳಿದರು: ಪ್ರತಿಯೊಂದು ಸಮಾಜಕ್ಕೂ ಅದರದೇ ರೀತಿ, ಅವರಲ್ಲಿ ಹಾಗೆ.

ಉಳಿದವರು ಅದನ್ನು ಒಪ್ಪಿಕೊಂಡು ಮುಂದಿನ ತಿಂಗಳು ಬೇರೊಂದು ಪುಸ್ತಕಕ್ಕೆ ಹೋದರು. ಹರಿಣಾಕ್ಷಿಗೆ ಒಪ್ಪಿಗೆಯಾಗಲಿಲ್ಲ. ‘ಅವರಲ್ಲಿ ಹಾಗೆ’ ಎನ್ನುವುದಾದರೆ ಕೈಪಿಡಿಯೇ ಏಕೆ? ಹಾಗಿದ್ದರೆ ಚಿಕ್ಕಪ್ಪನ ಮಗಳ ಸುದ್ದಿಗೆ ಬೆತ್ತ ಏಕೆ ಬಿತ್ತು? ಇಬ್ಬರೂ ತಂಗಿಯರಾದರೆ ಇಬ್ಬರೂ ಸಲ್ಲಬಾರದು. ಇಬ್ಬರೂ ಸಲ್ಲುವವರಾದರೆ ಯಾರಿಗೂ ಏಟು ಬೀಳಬಾರದು. ಎಪ್ಪತ್ತೊಂಬತ್ತರಲ್ಲಿ, ಬೆಳ್ಳಿಹಬ್ಬಕ್ಕೆ ಸಂಘವು ಒಂದು ಪುಸ್ತಕ ಅಚ್ಚುಹಾಕಿಸುವ ಮಾತು ಬಂದಾಗ, ಅವಳು ತನ್ನ ಕೈಪಿಡಿಯನ್ನು ಮುಂದಿಟ್ಟಳು. ಪುಸ್ತಕ ಸಮಿತಿಯ ಅಧ್ಯಕ್ಷರಾಗಿದ್ದ ಮಾಸ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದರು: “ಹರಿಣಾಕ್ಷಿಯವರೇ, ಓದುವವರನ್ನು ಅರ್ಧದಾರಿಯಲ್ಲಿ ಬಿಡುವ ಕೈಪಿಡಿಯನ್ನು ಅಚ್ಚು ಮಾಡಲಿಕ್ಕಾಗುವುದಿಲ್ಲ. ಹತ್ತೊಂಬತ್ತನ್ನು ದಾಟಿಸಿ ಕೊಡಿ, ಸಮಿತಿಯ ಮುಂದೆ ನಾನೇ ನಿಲ್ಲುತ್ತೇನೆ.” ಜನವರಿಯ ಸಭೆಯವರೆಗೆ ಸಮಯ. ಅದು ತಪ್ಪಿದರೆ ಸದಸ್ಯರ ವಿಳಾಸಪುಸ್ತಕ ಅಚ್ಚಾಗುವುದೆಂದು ತೀರ್ಮಾನವಾಯಿತು.

ಠಾಣೆ ಸ್ಟೇಷನ್ನಿನ ಹತ್ತಿರ ಒಬ್ಬ ಚೀನೀ ದಂತವೈದ್ಯೆ ಇದ್ದಳು. ಡಾಕ್ಟರ್ ಹೂ ಎಂದು ಬೋರ್ಡು; ಕಲ್ಕತ್ತೆಯಲ್ಲಿ ಹುಟ್ಟಿ ಮುಂಬಯಿಯ ಹಿಂದಿಯಲ್ಲಿ ಬೆಳೆದವಳು. ಹರಿಣಾಕ್ಷಿ ಒಂದು ದಿನ ಊಟದ ಬಿಡುವಿನಲ್ಲಿ, ಗಟ್ಟಿಮುಟ್ಟಾದ ಹಲ್ಲುಗಳನ್ನು ಹೊತ್ತು, ನೋವೆಂದು ಹೇಳಿಕೊಂಡು ಅಲ್ಲಿಗೆ ಹೋಗಿ ಕುಳಿತಳು. ವೈದ್ಯೆ ಕನ್ನಡಿ ಹಿಡಿದು ಒಂದೊಂದೇ ಹಲ್ಲು ತಟ್ಟಿ, ನೋವು ಎಲ್ಲಿ ಎಂದು ಮೂರು ಸಲ ಕೇಳಿದಳು. ಕೊನೆಗೆ ಹರಿಣಾಕ್ಷಿ ಚೀಲದಿಂದ ಪುಸ್ತಕ ತೆಗೆದು, ನೋವು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಎಂದಳು.

ಪೀಕಿಂಗಿನ ಅಚ್ಚು ಕಂಡದ್ದೇ ವೈದ್ಯೆಯ ಮುಖ ಬಿಗಿಯಿತು. ಅರವತ್ತೆರಡರಲ್ಲಿ ಅವಳ ತಂದೆಯನ್ನು ಚೀನೀಯನೆಂಬ ಕಾರಣಕ್ಕೇ ಪೊಲೀಸರು ಕರೆದೊಯ್ದು ಎರಡು ವರ್ಷ ಶಿಬಿರದಲ್ಲಿ ಇಟ್ಟಿದ್ದರಂತೆ. ಇಂಥ ಪುಸ್ತಕ ಹಿಡಿದು ಬಂದವರಿಗೆ ಉತ್ತರ ಕೊಡುವ ರೂಢಿ ಅವಳಿಗಿರಲಿಲ್ಲ. ಹರಿಣಾಕ್ಷಿ ಒತ್ತಾಯಿಸಲಿಲ್ಲ. ವಂಶವೃಕ್ಷದ ಹಾಳೆಯನ್ನು ಮಾತ್ರ ಬಿಡಿಸಿ ಅವಳ ಮುಂದಿಟ್ಟಳು. ವೈದ್ಯೆ ತುಸು ಹೊತ್ತು ಅದನ್ನೇ ನೋಡಿ, ಇಕ್ಕಳದ ತುದಿಯಿಂದ ಚಿಕ್ಕಪ್ಪನ ಮಗಳನ್ನು ಮುಟ್ಟಿದಳು.

“ಯೇ ತಾಂಗ್,” ಎಂದಳು. ತಾಂಗ್ ಎಂದರೆ ಮನೆಯ ನಡುವಿನ ದೊಡ್ಡ ಜಾಗ, ಹಿರಿಯರನ್ನು ಪೂಜಿಸುವ ಸ್ಥಳ. ತಂದೆಯ ಅಣ್ಣತಮ್ಮಂದಿರ ಮಕ್ಕಳೆಲ್ಲ ಅದರೊಳಗಿನವರು ಎಂದು ಹಿಂದಿಯಲ್ಲಿ ವಿವರಿಸಿದಳು. ಆಮೇಲೆ ಇಕ್ಕಳ ದೊಡ್ಡಮ್ಮನ ಮಗಳ ಮೇಲೆ ಬಂತು. “ಔರ್ ಯೇ ಬ್ಯಾವ್. ಬಾಹರ್‌ವಾಲಿ.” ಮಾಮನ ಮಗಳು, ಅತ್ತೆಯ ಮಗಳು, ಮೌಸಿಯ, ಅಂದರೆ ತಾಯಿಯ ಅಕ್ಕತಂಗಿಯರ, ಮಗಳು, ಎಲ್ಲರೂ ಹೊರಗಿನವರು, ಅವರ ಅಪ್ಪಂದಿರ ಮನೆತನ ಬೇರೆ, ಪೂಜಿಸುವ ಹಿರಿಯರೂ ಬೇರೆ. ಹಳೆಯ ಕಾಲದಲ್ಲಿ ಅವರೊಡನೆ ಮದುವೆಗೆ ಅಡ್ಡಿಯಿರಲಿಲ್ಲ.

ತಾಂಗ್ ಎಂದರೆ ಚಾವಡಿ. ಹರಿಣಾಕ್ಷಿ ಹುಟ್ಟಿದ ಮನೆಯಲ್ಲೂ ಚಾವಡಿ ಇತ್ತು, ಅಲ್ಲಿ ಯಾರು ಒಳಗಿನವರು ಯಾರು ನೆಂಟರು ಎಂಬುದು ಮಾತಿಲ್ಲದೆ ತಿಳಿಯುತ್ತಿತ್ತು. ಸಂಜೆಯ ಲೋಕಲಿನಲ್ಲಿ, ಮುಂಬ್ರಾದ ಗುಡ್ಡ ಒಂದು ಕಡೆ, ಖಾಡಿಯ ನೀರು ಇನ್ನೊಂದು ಕಡೆ ಹಿಂದೆ ಸರಿಯುತ್ತಿರುವಾಗ, ಅವಳಿಗೆ ತನ್ನ ತಪ್ಪು ಪೂರ್ತಿಯಾಗಿ ಕಂಡಿತು. ಅವಳು ತಾಯಿಯ ಬಳಿಯನ್ನು ಹಿಡಿದು ತಂದೆಯ ಚಾವಡಿಯೊಳಗೆ ಹೊಕ್ಕಿದ್ದಳು. ನಮ್ಮಲ್ಲಿ ಚಿಕ್ಕಪ್ಪನ ಮಕ್ಕಳಿಗೆ ಬಳಿ ಬೇರೆ. ಅಲ್ಲಿ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳಿಗೆ ಚಾವಡಿ ಬೇರೆ. ನಮ್ಮ ಬಳಿಯನ್ನು ಕನ್ನಡಿಯಲ್ಲಿ ನೋಡಿದರೆ ಅವರದು. ಆಮೇಲೆ ನಗುವೂ ಬಂತು, ಏಕೆಂದರೆ ನೆನಪಿಡುವ ಉಪಾಯವನ್ನು ಎರಡು ಭಾಷೆಗಳೂ ಅಕಸ್ಮಾತ್ತಾಗಿ ಅವಳ ಕೈಗೆ ಕೊಟ್ಟಿದ್ದವು: ತಾಂಗ್ ಆದರೆ ತಂಗಿ.

ಹತ್ತೊಂಬತ್ತನೆಯ ಅಧ್ಯಾಯದ ಟಿಪ್ಪಣಿಯನ್ನು ಅವಳು ಒಂದೇ ಪುಟಕ್ಕೆ ಇಳಿಸಿ ಹೊಸದಾಗಿ ಬರೆದಳು. ಅದಕ್ಕೆ ಏಳು ವಾರ ಹಿಡಿಯಿತು.

ಎಂಬತ್ತರ ಜನವರಿಯ ಸಭೆಗೆ ಸಮಿತಿಯ ಹನ್ನೊಂದು ಮಂದಿಯೂ ಬಂದಿದ್ದರು. ಲೋಲಾಕ್ಷಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಾಸ್ಟ್ರು ಹೊಸ ಪುಟವನ್ನು ಎರಡು ಸಲ ಓದಿದರು, ಆದರೆ ತಮಗೆ ಅರ್ಥವಾದದ್ದು ಲೆಕ್ಕಕ್ಕಿಲ್ಲ ಎಂದರು. ಕಥೆ ಗೊತ್ತಿಲ್ಲದವರು ಯಾರಾದರೂ ಓದಿ ಹೇಳಬೇಕು. ಅಷ್ಟರಲ್ಲಿ ಲೈಬ್ರರಿಯ ಪುಸ್ತಕ ಮರಳಿಸಲು ಅಂಬಾರಾಯ ಬಂದ. ಆಳಂದದ ಕಡೆಯವನು, ಶಹಾಡ್‌ನ ನೂಲಿನ ಕಾರ್ಖಾನೆಯಲ್ಲಿ ಯಂತ್ರದ ಮೇಲೆ ದುಡಿಯುವವನು. ವಾರಕ್ಕೊಂದು ಕನ್ನಡ ಕಾದಂಬರಿ ಒಯ್ಯುತ್ತಿದ್ದ. ಇಂಗ್ಲಿಷ್ ಬಾರದ ಕಾರಣ ಓದುಗರ ಕೂಟದ ಬಾಗಿಲು ದಾಟಿದವನಲ್ಲ. ಮಾಸ್ಟ್ರು ಅವನನ್ನು ಕೂರಿಸಿ, ಕಥೆಯ ಸಾರಾಂಶವನ್ನೂ ಆ ಒಂದು ಪುಟವನ್ನೂ ಕೈಗೆ ಕೊಟ್ಟರು. ಅವನು ಓದಲು ಹತ್ತು ನಿಮಿಷ ಹಿಡಿಯಿತು. ಹರಿಣಾಕ್ಷಿ ಗೋಡೆಯ ಕ್ಯಾಲೆಂಡರಿನ ತಾರೀಕುಗಳನ್ನು ಓದುತ್ತ ನಿಂತಿದ್ದಳು.

ಅಜ್ಜಿ ಒಬ್ಬಳಿಗಾಗಿ ಏಟು ಹಾಕಿಸಿ ಇನ್ನೊಬ್ಬಳಿಗೆ ಪಲ್ಲಕ್ಕಿ ಕಳಿಸಿದ್ದೇಕೆ ಎಂದು ಮಾಸ್ಟ್ರು ಕೇಳಿದರು.

“ಇದರಾಗ ತಿಳೀಲಾರದ್ದು ಏನದರಿ ಸರ?” ಎಂದ ಅಂಬಾರಾಯ. “ಕಾಕಾನ ಮಗಳು ಚಾವಡಿ ಒಳಗಿನಾಕಿ. ತಾಂಗ್, ಅಂದ್ರ ತಂಗಿ. ಆಕಿ ಸುದ್ದಿಗಿ ಹೋದ್ರ ಏಟು ಬೀಳೂದೇ. ದೊಡ್ಡವ್ವನ ಮಗಳು ಬ್ಯಾವ್. ಅಂದ್ರ ಬ್ಯಾರೆ.” ಪುಟದ ಮೇಲೆ ಬೆರಳಿಟ್ಟು ಮುಂದುವರಿಸಿದ: “ಅಕ್ಕಾರು ಇಲ್ಲಿ ಬಳಿ ಅಂತ ಬರದಾರ. ನಮ್ಮ ಕಡಿ ಮಂದಿಗಿ ಅದು ಗೊತ್ತಾಗೂದಿಲ್ರಿ. ನಮ್ಮಲ್ಲಿ ಬೆಡಗು ಅಂತೀವಿ, ಅಪ್ಪನ ಕಡಿಂದ ಬರ್ತದ. ದೊಡ್ಡವ್ವನ ಮಗಳ್ನ ನಾವೂ ತರೂದಿಲ್ಲ, ಆ ಮಾತು ಬ್ಯಾರೆ. ಆದ್ರ ಆ ಮುದುಕಿ ಲೆಕ್ಕ ಎಲ್ಲಿಂದ ಹಿಡದಾಳ ಅಂಬೂದು ತಿಳೀತು.”

ಹಿಂದಿನ ಬೆಂಚಿನಿಂದ ಲೋಲಾಕ್ಷಿಯ ಧ್ವನಿ ಕೇಳಿತು: “ಹಾಗಾದರೆ ಎರಡು ವರ್ಷ ನಾನು ಆ ಹುಡುಗನಿಗೆ ಸುಮ್ಮನೆ ಬೈದದ್ದಾ?”

ಮಾಸ್ಟ್ರು ಕನ್ನಡಕ ಒರೆಸುವುದನ್ನೂ ಮರೆತು ನಕ್ಕರು. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದೆ, ಕಸಿನ್ ಎಂಬ ಒಂದು ಶಬ್ದದೊಳಗೆ ಇಷ್ಟು ಮಂದಿಯನ್ನು ಕೂಡಿಹಾಕಿದ್ದಾರೆಂದು ಇವತ್ತು ಗೊತ್ತಾಯಿತು ಎಂದರು. ‘ಅವರಲ್ಲಿ ಹಾಗೆ’ ಎಂದ ತಮ್ಮ ಮಾತನ್ನು ಸಭೆಯ ಎದುರಿನಲ್ಲಿಯೇ ಹಿಂದಕ್ಕೆ ತೆಗೆದುಕೊಂಡರು. ಸಮಿತಿಯಲ್ಲಿ ವಸಂತಕುಮಾರ ಎಂಬ ವಕೀಲರಿದ್ದರು, ಅವರಿಗಿನ್ನೂ ಸಮಾಧಾನವಿರಲಿಲ್ಲ. ಎಲ್ಲ ಸರಿ, ಆದರೆ ಚೀನೀ ಭಾಷೆಯೇ ಬಾರದವರು ಬರೆದ ಕೈಪಿಡಿಯನ್ನು ನಾಳೆ ಯಾರಾದರೂ ವಿದ್ವಾಂಸರು ನೋಡಿದರೆ ಸಂಘ ಏನು ಹೇಳಬೇಕು ಎಂದು ಕೇಳಿದರು.

ಹರಿಣಾಕ್ಷಿ ಕ್ಯಾಲೆಂಡರಿನಿಂದ ಈಚೆ ತಿರುಗಿದಳು. “ಬರುವುದಿಲ್ಲವೆಂದೇ ಹೇಳಿ. ಮೊದಲ ಪುಟದಲ್ಲಿ ಅದನ್ನು ನಾನೇ ಬರೆದಿದ್ದೇನೆ. ಬರುತ್ತಿದ್ದರೆ, ನಮ್ಮವರು ಎಲ್ಲಿ ಎಡವುತ್ತಾರೆಂದು ನನಗೆ ಗೊತ್ತಾಗುತ್ತಿರಲಿಲ್ಲ. ನಾನೂ ಅಲ್ಲಿಯೇ ಎಡವಿದವಳು.”

ಹನ್ನೊಂದರಲ್ಲಿ ಹತ್ತು ಕೈ ಎದ್ದವು. ವಕೀಲರದು ಕೊಂಚ ತಡವಾಗಿ ಎದ್ದು ಹನ್ನೊಂದಾಯಿತು.

ಕೈಪಿಡಿ ಆ ವರ್ಷದ ಯುಗಾದಿಗೆ ಅಚ್ಚಾಗಿ ಬಂತು, ಐನೂರು ಪ್ರತಿ. ಹೊಸ ಕಾಲದ ಚೀನೀ ಸಣ್ಣಕತೆಗಳ ಮೇಲೆ ಅವಳು ಬರೆದ ಎರಡನೆಯ ಭಾಗವೂ ಅದರಲ್ಲಿ ಸೇರಿತು. ಕರಡು ತಿದ್ದಿದವರು ಮುರಾರಿ ಮಾಸ್ಟ್ರು. ಹತ್ತೊಂಬತ್ತನೆಯ ಅಧ್ಯಾಯದ ಪುಟದಲ್ಲಿ ಬಳಿಯ ಪಕ್ಕಕ್ಕೆ ಬೆಡಗೂ ಬಂದು ಕುಳಿತಿತ್ತು; ಬ್ಯಾವ್ ಎದುರಿಗೆ ಹರಿಣಾಕ್ಷಿ ‘ಬ್ಯಾರೆ’ ಎಂದೇ ಬರೆದಿದ್ದಳು. ಮಾಸ್ಟ್ರು ಅದನ್ನು ಗ್ರಾಂಥಿಕಕ್ಕೆ ತಿದ್ದಲು ಹೋದಾಗ, ಆ ಮಾತು ಅಂಬಾರಾಯನದು, ಬಿಟ್ಟುಬಿಡಿ ಎಂದಳು. ಮಾಸ್ಟ್ರು ಕೂಟದ ಮುಂದಿನ ಸರದಿಯನ್ನು ನಡೆಸುವ ಕುರ್ಚಿಯನ್ನು ಅವಳಿಗೇ ಬಿಟ್ಟುಕೊಟ್ಟರು. ಮೊದಲ ಶನಿವಾರ, ಅದೇ ಕಾದಂಬರಿಯನ್ನು ಮತ್ತೆ ಓದಲು, ಇಪ್ಪತ್ತಾರು ಮಂದಿ ಬಂದರು. ಇಂಗ್ಲಿಷ್ ಓದದವರಿಗೆ ಅವಳು ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಿದ್ದಳು; ಅಂಬಾರಾಯ ಪಾಳಿ ಬದಲಿಸಿಕೊಂಡು, ಊರ ಕಡೆಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಬರುತ್ತಿದ್ದ.

ದೀಪಾವಳಿಯ ಹೊತ್ತಿಗೆ ಕಾದಂಬರಿಯ ಕಡೆಯ ಅಧ್ಯಾಯ ಹತ್ತಿರವಾಯಿತು. ಲೋಲಾಕ್ಷಿ ಎಲ್ಲರಿಗಿಂತ ಮೊದಲು ಮುಗಿಸಿಬಿಟ್ಟಿದ್ದಳು. ಕೊನೆಗೆ ಏನಾಗುತ್ತದೆಂದು ಹೇಳಿಬಿಡದಂತೆ ಅವಳ ಬಾಯಿ ಹಿಡಿಯುವುದೇ ಉಳಿದವರಿಗೆ ಮೂರು ವಾರದ ಕೆಲಸವಾಯಿತು.